ಸಣ್ಣ ತಂತಿ

ಗಡಿಯಾರ ಮನೆಗೆ ಬಂದಿದ್ದು ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಹೊತ್ತಿನಲ್ಲಿ. ದೇವರು ದೊಡ್ಡವನು ಅಂದುಕೊಂಡರು ಜೋಗುಳದ ಡಾಕ್ಟರು. ಕೊರಿಯರಿನವನು ತೋರಿಸಿದ ಕಡೆ ಬೆರಳಿನಿಂದ ಗೀಚಿ, ಪೊಟ್ಟಣವನ್ನು ಟವೆಲಿನಲ್ಲಿ ಸುತ್ತಿಕೊಂಡು, ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡರು. ತಲೆ ನರೆತ ಮನುಷ್ಯ, ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ, ತನ್ನದೇ ಮನೆಯ ಬಚ್ಚಲಿನಲ್ಲಿ ಕದ್ದು ಸಕ್ಕರೆ ಮುಕ್ಕುವ ಹುಡುಗನ ಹಾಗೆ ಉಸಿರು ಬಿಗಿಹಿಡಿದು ದಾರ ಬಿಚ್ಚತೊಡಗಿದರು.

ಜೋಗುಳದ ಡಾಕ್ಟರು ಎಂದು ಹೆಸರಿಟ್ಟವರು ಆಸ್ಪತ್ರೆಯ ನರ್ಸುಗಳು. ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವುದು, ಮುಗಿಯುವ ತನಕ ಆ ನಿದ್ದೆಯನ್ನು ಕಾಯುವುದು, ಆಮೇಲೆ ಹೆಸರು ಹಿಡಿದು ಕರೆದು ಎಬ್ಬಿಸುವುದು ಅವರ ಕೆಲಸ. ಕಣ್ಣು ಮಲಗಿದವರ ಮೇಲೆ, ಕಿವಿ ಯಂತ್ರಗಳ ಮೇಲೆ. ಆ ಕೋಣೆಯ ಕೆಲಸ ನಡೆಯುವುದೇ ಹಾಗೆ. ಎದೆಬಡಿತಕ್ಕೊಂದು ದನಿ, ಉಸಿರಿಗೊಂದು, ನರದೊಳಕ್ಕೆ ನಿದ್ದೆಯ ಔಷಧಿ ತಳ್ಳುವ ಸಿರಿಂಜು ಪಂಪಿಗೊಂದು. ಔಷಧಿ ಮುಗಿಯುತ್ತ ಬಂದರೆ ಪಂಪು ಸಣ್ಣಗೆ ಕೂಗುತ್ತದೆ. ಕೂಗಿದ ಕೂಡಲೇ ಬೇರೆ ಸಿರಿಂಜು ಸಿದ್ಧವಾಗಬೇಕು. ಆಗದಿದ್ದರೆ ಮಲಗಿದವರಿಗೆ ಎಚ್ಚರವಾಗುತ್ತದೆ. ಆದರೆ ಮೈ ಅಲುಗದ ಹಾಗೆ ಇನ್ನೊಂದು ಔಷಧಿ ಕೊಟ್ಟಿರುತ್ತಾರಲ್ಲ, ಎಚ್ಚರವಾಗಿದೆ ಎಂದು ಹೇಳುವುದಕ್ಕೆ ಅವರಿಗೆ ಕಣ್ಣರೆಪ್ಪೆ ಎತ್ತುವಷ್ಟೂ ಶಕ್ತಿಯಿರುವುದಿಲ್ಲ. ಕತ್ತರಿ ಆಡುತ್ತಿರುತ್ತದೆ, ಅವರು ಸುಮ್ಮನೆ ಮಲಗಿರುತ್ತಾರೆ. ಇದಕ್ಕಿಂತ ದೊಡ್ಡ ಭಯ ಆ ಕೆಲಸದಲ್ಲಿಲ್ಲ.

ಕೆಲಸ ಬಿಟ್ಟರೆ ಡಾಕ್ಟರಿಗೆ ಇದ್ದದ್ದು ವಾಚಿನ ಹುಚ್ಚು. ವಾಚು ಕೂಡಿಡುವವರ ಲೋಕದಲ್ಲಿ ಒಂದು ಕಟ್ಟಳೆಯುಂಟು. ಹೊಸದು ಬಂದರೆ ಮನೆಯವರ ಕಣ್ಣಿಗೆ ಬೀಳಿಸುವುದಿಲ್ಲ. ಬೀರುವಿನ ಮೂಲೆಯಲ್ಲಿಟ್ಟು ಹಳೆಯದಾಗಲು ಬಿಟ್ಟು, ಒಂದು ದಿನ ಏನೂ ಆಗದವರ ಹಾಗೆ ಕೈಗೆ ಕಟ್ಟಿಕೊಂಡು ಬಂದು, "ಇದಾ? ಇದು ಯಾವಾಗ್ಲಿಂದ್ಲೋ ಇದೆಯಲ್ಲ, ನೀನು ನೋಡೇ ಇಲ್ವಾ?" ಅನ್ನುವುದು. ಹೆಂಡಂದಿರಿಗೂ ಈ ಕಟ್ಟಳೆ ಗೊತ್ತು. ಗೊತ್ತಿದೆ ಎಂದು ಗಂಡಂದಿರಿಗೂ ಗೊತ್ತು. ಆದರೂ ನಡೆಸಿಕೊಂಡು ಬರುತ್ತಾರೆ.

ಪೊಟ್ಟಣದೊಳಗಿನ ವಾಚು ವಾಚಿನ ಹಾಗೇ ಇರಲಿಲ್ಲ. ಮುಳ್ಳಿಲ್ಲ, ಅಂಕಿಯಿಲ್ಲ, ಗಾಜೂ ಇಲ್ಲ. ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಮಾಡಿದ ಕಪ್ಪು ಉಕ್ಕಿನ ಮುಚ್ಚಳ. ಅದರ ಮೇಲೆ, ಸಂಜೆ ಹೊತ್ತು ಕೆರೆಯ ಮೇಲೆ ಗಾಳಿ ಸುಳಿದ ಹಾಗೆ, ಕಂಡೂ ಕಾಣದ ತಗ್ಗುಗಳು. ಪಕ್ಕದಲ್ಲೊಂದು ಜಾರುಗುಂಡಿ. ಅದನ್ನು ಮೇಲಕ್ಕೆ ತಳ್ಳಿದರೆ ಒಳಗಿನ ಪುಟ್ಟ ಸುತ್ತಿಗೆಗಳು ಎರಡು ತಂತಿಗಳನ್ನು ಬಡಿಯುತ್ತವೆ. ದಪ್ಪ ತಂತಿ ಗಂಟೆಗಳನ್ನು ಹೇಳುತ್ತದೆ, ಎರಡೂ ಜೊತೆಯಾಗಿ ಕಾಲುಗಂಟೆಗಳನ್ನು, ಉಳಿದ ನಿಮಿಷಗಳನ್ನು ಸಣ್ಣ ತಂತಿ. ನೋಡುವ ವಾಚಲ್ಲ, ಕಿವಿಗೊಡುವ ವಾಚು.

ಇದು ಯಾವ ದೊಡ್ಡ ಕಂಪನಿಯದೂ ಅಲ್ಲ. ಬೇರೆ ಊರಿನಲ್ಲಿ, ಒಂದು ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಒಬ್ಬಳೇ ಕೂತು ಕೆಲಸ ಮಾಡುವ ಹೆಂಗಸು ಮಾಡಿದ್ದು. ಅವಳ ಕೈಯಿಂದ ಹೊರಬರುವುದೇ ಅಪರೂಪ. ಕೇಳಿದವರು ವರ್ಷಗಟ್ಟಲೆ ಕಾಯಬೇಕು. ಹಿಂದೆ ಡಾಕ್ಟರು ಅಲ್ಲಿಗೆ ಹೋಗಿದ್ದಾಗ ಅವಳು ಅವರ ಮಣಿಕಟ್ಟಿನ ಅಳತೆಯನ್ನೂ ಕೇಳಿರಲಿಲ್ಲ. ಕಿಟಕಿಯ ಹತ್ತಿರ ಕೂರಿಸಿ, "ಕಣ್ಣು ಮುಚ್ಚಿಕೊಳ್ಳಿ" ಅಂದಿದ್ದಳು. ಹಲಗೆಯೊಂದರ ಮೇಲೆ ಸಾಲಾಗಿ ಬಿಗಿದಿದ್ದ ತಂತಿಗಳನ್ನು ಒಂದಾದಮೇಲೆ ಒಂದು ಮೀಟಿದ್ದಳು. ಕಟ್ಟಕಡೆಯದು ಎಲ್ಲಕ್ಕಿಂತ ತೆಳ್ಳಗಿನದು. ಅದರ ದನಿ ಕಿವಿಯೊಳಗಲ್ಲ, ಹಣೆಯೊಳಗೇ ಹುಟ್ಟಿದ ಹಾಗಿತ್ತು.

"ಇದು," ಅಂದಿದ್ದರು ಡಾಕ್ಟರು.

"ಇದು ತುಂಬಾ ಮೇಲಿನ ಸ್ವರ. ಇದನ್ನ ಯಾರೂ ತಗೊಳ್ಳಲ್ಲ. ಹಲಗೆ ಖಾಲಿ ಕಾಣಬಾರದು ಅಂತ ಇಟ್ಟಿದ್ದೀನಿ."

"ಯಾರೂ ತಗೊಳ್ಳಲ್ಲ ಅಂದ್ರೆ ನನಗೆ ಅದೇ ಬೇಕು."

ಅವಳು ಹಣೆಯ ಮೇಲಿದ್ದ ಭೂತಗನ್ನಡಿ ಸರಿಸಿ ಅವರ ಮುಖ ನೋಡಿದ್ದಳು. "ವಾಚು ನಿಮ್ಮ ಕೈಗೆ ಬರೋ ಹೊತ್ತಿಗೆ ನಿಮಗೂ ವಯಸ್ಸಾಗಿರುತ್ತೆ. ಒಂದೆರಡು ಸ್ವರ ಕೆಳಗಿನದು ತಗೊಂಡರೆ ಒಳ್ಳೇದು."

"ನೋಡಮ್ಮ, ನನ್ನ ಹೊಟ್ಟೆಪಾಡು ನಡೀತಿರೋದೇ ಈ ಕಿವಿಯಿಂದ."

ಅವಳು ಆ ತಂತಿಯನ್ನು ಹಲಗೆಯಿಂದ ಬಿಚ್ಚತೊಡಗಿದ್ದಳು.

ಈಗ ಬಚ್ಚಲುಮನೆಯಲ್ಲಿ ಡಾಕ್ಟರು ವಾಚನ್ನು ಮಣಿಕಟ್ಟಿಗೆ ಬಿಗಿದರು. ತಣ್ಣಗೆ, ತೂಕವಾಗಿ ಕೂತಿತು. ಹೊಸ ವಾಚು ಕೈಗೇರಿದ ಮೊದಲ ಗಳಿಗೆಯ ಸುಖ ಕಟ್ಟಿಕೊಂಡವರಿಗೇ ಗೊತ್ತು; ಮೈಗೆ ಹೊಸದೊಂದು ಅಂಗ ಮೂಡಿದ ಹಾಗೆ. ಗುಂಡಿ ತಳ್ಳಿದರು. ದಪ್ಪ ತಂತಿ ಗಂಭೀರವಾಗಿ ಗಂಟೆಗಳನ್ನು ಹೇಳಿತು. ಕಾಲುಗಂಟೆಯನ್ನೂ ಅದೇ ಒಂಟಿಯಾಗಿ ಹೇಳಿದ ಹಾಗಾಯಿತು. ಆಮೇಲೆ ಮೌನ.

ಮೌನ, ಆದರೆ ಚರ್ಮದ ಮೇಲೆ ಏನೋ ಕುಟುಕುತ್ತಿತ್ತು. ಸುತ್ತಿಗೆ ಬಡಿಯುತ್ತಿದೆ, ದನಿ ಇಲ್ಲ. ಮತ್ತೆ ತಳ್ಳಿದರು. ಅದೇ. ಕಿವಿಗೆ ಒತ್ತಿಹಿಡಿದರು. ಬಹಳ ದೂರದಲ್ಲಿ ಯಾರೋ ಕಾಗದದ ಮೇಲೆ ಮರಳು ಉದುರಿಸಿದ ಹಾಗೆ ಏನೋ, ಅದೂ ಕಲ್ಪನೆಯೇನೋ. ಸಣ್ಣ ತಂತಿ ಮುರಿದಿದೆ! ವರ್ಷಗಟ್ಟಲೆ ಕಾದು ತರಿಸಿಕೊಂಡದ್ದನ್ನು ಈ ಕೊರಿಯರಿನವರು ಎತ್ತಿ ಎಸೆದಿದ್ದಾರೆ! ಸಿಟ್ಟಿನಲ್ಲಿ ಮತ್ತೂ ಮತ್ತೂ ತಳ್ಳಿದರು.

"ಅದೇನ್ರೀ ಒಳಗೆ?" ಬಾಗಿಲಾಚೆ ಹೆಂಡತಿ.

"ಏನಿಲ್ಲ. ನಲ್ಲಿ."

"ನಲ್ಲಿ ಯಾವಾಗ್ಲಿಂದ ಸಂಗೀತ ಕಲೀತು? ಎಷ್ಟು ಹೊತ್ತಿಂದ ಟಿಣ್ ಟಿಣ್ ಅಂತಿದೆ. ಇನ್ನೊಂದು ತರಿಸಿಕೊಂಡ್ರಿ ಅಲ್ವಾ? ನನ್ನ ಮೇಲೆ ಆಣೆ ಇಟ್ಟು ಹೇಳಿ."

ಡಾಕ್ಟರ ಕೈ ಗುಂಡಿಯ ಮೇಲೆ ಹಾಗೇ ನಿಂತಿತು. ಬಾಗಿಲು ದಪ್ಪ ಮರದ್ದು. ಚಿಲಕ ತೆಗೆದರು.

"ಯಾವ ಟಿಣ್ ಟಿಣ್?"

"ಕಳ್ಳತನ ಸಿಕ್ಕಿಬಿದ್ದ ಮೇಲೂ ನಾಟಕ ನೋಡು ಇವರದ್ದು!"

"ತಮಾಷೆ ಅಲ್ಲ ಕಣೇ. ಈಗ ಕೇಳು." ಗುಂಡಿ ತಳ್ಳಿದರು. ಅವರಿಗೆ ಕೇಳಿಸಿದ್ದು ದಪ್ಪ ತಂತಿ, ಆಮೇಲೆ ಬಕೆಟ್ಟಿಗೆ ತೊಟ್ಟಿಕ್ಕುವ ನೀರು. ಹೆಂಡತಿಯ ಮುಖ ಮಾತ್ರ ಬೇಡಬೇಡವೆಂದರೂ ಮೆತ್ತಗಾಯಿತು. "ದಪ್ಪದ್ದು ಪರವಾಗಿಲ್ಲ. ಕೊನೇಲಿ ಬರೋ ಸಣ್ಣದಿದೆಯಲ್ಲ, ಅದು ಎಷ್ಟು ಚೆನ್ನಾಗಿದೆ! ಗಾಜಿನ ಮೇಲೆ ನೀರು ಹನಿ ಹನಿ ಬಿದ್ದ ಹಾಗೆ. ಮೆಟ್ಟಿಲ ಹತ್ರಾನೇ ಕೇಳಿಸ್ತು ನನಗೆ. ಆದ್ರೂ ನೀವು ಮಾಡಿದ್ದು ತಪ್ಪು."

ಅವಳು ಬೈಯುತ್ತಿದ್ದಳು. ಡಾಕ್ಟರು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಅಂಗಾಲಿನಿಂದ ಒಂದು ಚಳಿ ಹೊರಟು ಮೊಣಕಾಲು ದಾಟಿ, ಹೊಟ್ಟೆ ದಾಟಿ, ಎದೆಯಲ್ಲಿ ಬಂದು ಕೂತಿತು. ಬೈಗುಳ ಮುಗಿಯದಿರಲಿ ದೇವರೇ ಎಂದು ಬೇಡಿಕೊಂಡರು. ಮುಗಿದ ಕೂಡಲೇ ಅವಳು ಮುಖ ನೋಡುತ್ತಾಳೆ.

ಕೊಟ್ಟಿದ್ದನ್ನು ದೇವರು ಒಂದೇ ಸಲಕ್ಕೆ ಕಿತ್ತುಕೊಳ್ಳುವುದಿಲ್ಲ. ವಯಸ್ಸಾದ ಕಿವಿಯಿಂದ ಮೊದಲು ತೆಗೆಯುವುದು ತೀರ ಮೇಲಿನ ಸ್ವರಗಳನ್ನು. ಮಲಗಿದ ಮಗುವಿನ ಕೈಯಿಂದ ಆಟಿಕೆ ತೆಗೆಯುವ ತಾಯಿಯ ಹಾಗೆ, ಒಂದೊಂದೇ ಬೆರಳು ಬಿಡಿಸಿ, ಸದ್ದಿಲ್ಲದೆ ತೆಗೆದುಕೊಳ್ಳುತ್ತಾನೆ. ಮಗುವಿಗೆ ಅದು ಕರುಣೆಯೇ. ಆದರೆ ಆ ಕೈಯಲ್ಲಿ ಬೇರೆಯವರ ಪ್ರಾಣ ಇದ್ದರೆ?

ಕಿವಿಯ ಡಾಕ್ಟರು ಅದೇ ಆಸ್ಪತ್ರೆಯಲ್ಲಿ, ಇವರ ಕೋಣೆಯಿಂದ ಕೂಗಳತೆಯಲ್ಲಿದ್ದರು. ಅದೇ ತೊಂದರೆ. ಆ ಬಾಗಿಲೊಳಗೆ ಕಾಲಿಟ್ಟರೆ ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತು. ಕಿವಿಯಲ್ಲಿ ಗುಗ್ಗೆ ಇರಬೇಕು, ನೆಗಡಿ ಇರಬೇಕು ಎಂದು ತಮಗೆ ತಾವೇ ಔಷಧಿ ಬರೆದುಕೊಂಡರು. ವಾಚು ಕಟ್ಟಿಕೊಂಡೇ ಕೆಲಸಕ್ಕೆ ಹೋದರು. ಬಿಚ್ಚಿಟ್ಟರೆ ಭಯವನ್ನು ಒಪ್ಪಿಕೊಂಡ ಹಾಗಾಗುತ್ತದೆಂದು ತೋರಿತು.

ಆಪರೇಷನ್ನಿನ ಕೋಣೆಗೆ ವಾಚು ಕಟ್ಟಿಕೊಂಡು ಹೋಗುವಂತಿಲ್ಲ. ಪಕ್ಕದ ವಿಶ್ರಾಂತಿ ಕೋಣೆಯಲ್ಲಿ ಮಾತ್ರ ವಾಚು ಕಾಣುವ ಹಾಗೆ ಅಂಗಿಯ ತೋಳು ಮಡಚಿ ಕೂರಬಹುದು. ಅಲ್ಲಿ ಸರ್ಜನ್ನು ಕಾಫಿ ಹಿಡಿದು ಕೂತಿದ್ದರು. ಮೈಕಟ್ಟು ನೋಡಿ ಅವರನ್ನು ಎಲ್ಲರೂ ಪೈಲ್ವಾನ ಅನ್ನುತ್ತಿದ್ದರು. ಅವರ ಕಣ್ಣು ನೇರ ವಾಚಿನ ಮೇಲೆ ಬಿತ್ತು.

"ಇದೇನಯ್ಯಾ ಜೋಗುಳ, ಡಬ್ಬಿ ಮುಚ್ಚಳ ಕಟ್ಕೊಂಡು ಬಂದಿದ್ದೀಯ?"

"ವಾಚು."

"ಟೈಮ್ ಎಲ್ಲಿದೆ ಇದರಲ್ಲಿ? ಕವಡೆ ಹಾಕಿ ನೋಡ್ಬೇಕಾ?"

ನರ್ಸುಗಳು ನಕ್ಕರು. ಡಾಕ್ಟರು ನಗಲು ನೋಡಿದರು. ಗುಂಡಿ ತಳ್ಳದೆ ಗತ್ಯಂತರವಿರಲಿಲ್ಲ. ತಳ್ಳಿದರು. ಕೋಣೆ ಸ್ತಬ್ಧವಾಯಿತು. ಎಲ್ಲರೂ ಕತ್ತು ಮುಂದೆ ಚಾಚಿ, ಬೆರಳು ಮಡಚಿ ಎಣಿಸತೊಡಗಿದರು. ದಪ್ಪ ತಂತಿ ನಿಂತಿತು. ಆದರೆ ಅವರ ಬೆರಳುಗಳು ನಿಲ್ಲಲಿಲ್ಲ. ಮಡಚುತ್ತಲೇ ಹೋದವು. ಪೈಲ್ವಾನರ ತುಟಿ ಒಂದೊಂದೇ ಅಂಕಿ ಹೇಳುತ್ತಿತ್ತು. ಬರಿಯ ಗಾಳಿಯನ್ನು ಇಷ್ಟು ಜನ ಇಷ್ಟು ಭಕ್ತಿಯಿಂದ ಎಣಿಸುವುದನ್ನು ನೋಡಿ ಡಾಕ್ಟರು ತಾವೂ ಬೆರಳು ಮಡಚತೊಡಗಿದರು.

"ಅಬ್ಬಾ!" ಅಂದರು ಪೈಲ್ವಾನ, ಗೋಡೆ ಗಡಿಯಾರದ ಕಡೆ ತಿರುಗಿ. "ಸರಿಯಾಗಿದೆ ಮಾರಾಯ. ನಿಮಿಷಕ್ಕೆ ನಿಮಿಷ."

"ಮತ್ತೆ? ನನ್ನ ವಾಚು ಅಂದ್ರೆ ಏನಂದ್ಕೊಂಡಿದ್ದೀಯ?" ಅಂದರು ಡಾಕ್ಟರು. ಆ ಕೋಣೆಯಲ್ಲಿ ವಾಚು ಎಷ್ಟು ಹೇಳಿತೆಂದು ಗೊತ್ತಿಲ್ಲದಿದ್ದವರು ವಾಚು ಕಟ್ಟಿಕೊಂಡವರೊಬ್ಬರೇ.

ಒಳಗೆ ಹೋಗಿ ಕೆಲಸಕ್ಕೆ ಕೂತರು. ಪಕ್ಕದಲ್ಲಿ ಗುಬ್ಬಿ ಇದ್ದಳು. ಗುಬ್ಬಿ ಎಂದರೆ ಅವರ ಕೈಕೆಳಗೆ ಪಳಗಿದ ಕಿರಿಯ ಡಾಕ್ಟರು. ಗಾತ್ರದಲ್ಲಿ ಅಷ್ಟೇ ಇದ್ದಳು, ಚುರುಕಿನಲ್ಲೂ. ಆವತ್ತು ಡಾಕ್ಟರು ಮೊದಲ ಸಲ ಕಿವಿಯನ್ನು ನಂಬದೆ ಕಣ್ಣಿನಿಂದ ಕಾವಲು ಕೂತರು. ಎದೆಬಡಿತದ ದನಿ ಕೇಳಿಸುತ್ತಿತ್ತು, ಅದು ದಪ್ಪ. ಉಸಿರಿನ ಯಂತ್ರ ಕೇಳಿಸುತ್ತಿತ್ತು. ಹಾಗಿದ್ದರೆ ಏನೂ ಆಗಿಲ್ಲ ಎಂದು ಸ್ವಲ್ಪ ನಿರಾಳವಾದರು. ಅಷ್ಟರಲ್ಲಿ ಸಿರಿಂಜು ಪಂಪಿನ ಮೇಲೆ ಕಣ್ಣು ಹೋಯಿತು. ಅದರ ಹಳದಿ ದೀಪ ಮಿಣುಕುತ್ತಿತ್ತು. ಔಷಧಿ ತಳಕ್ಕೆ ಬಂದಿತ್ತು. ಪಂಪು ಕೂಗುತ್ತಿರಬೇಕು. ಎಷ್ಟು ಹೊತ್ತಿನಿಂದ?

ಗುಬ್ಬಿಯ ಕಡೆ ನೋಡಿದರು. ಅವಳು ನಿಶ್ಚಿಂತೆಯಾಗಿ ಕೂತಿದ್ದಳು. ಓ, ಇವಳಿಗೂ ಕೇಳಿಸುತ್ತಿಲ್ಲ! ಪಂಪಿನ ಗಂಟಲೇ ಕೆಟ್ಟಿದೆ! ಡಾಕ್ಟರಿಗೆ ಹೋದ ಜೀವ ಬಂತು. ಸಿರಿಂಜು ಬದಲಾಯಿಸಿ, ಸಾಯಂಕಾಲ ಪಂಪನ್ನು ರಿಪೇರಿಗೆ ಕಳಿಸಿದರು. ಮರುದಿನ ಅದು ವಾಪಸು ಬಂತು. ರಿಪೇರಿಯವರು ಏನೂ ಕೆಟ್ಟಿಲ್ಲ ಅಂದಿದ್ದರಂತೆ. ತಂದ ನರ್ಸು, "ನೋಡಿ ಸರ್" ಎಂದು ಪಂಪಿನ ಬಟನ್ ಒತ್ತಿದಳು. ಡಾಕ್ಟರಿಗೆ ಕಂಡದ್ದು ದೀಪ ಮಿಣುಕಿದ್ದು ಮತ್ತು ನರ್ಸು ಕಿವಿ ಮುಚ್ಚಿಕೊಂಡದ್ದು.

ಆ ಮಧ್ಯಾಹ್ನ ಅವರಿಗೆ ಒಬ್ಬ ದರ್ಜಿ ನೆನಪಾದ. ಹಿಂದೊಮ್ಮೆ ಹೊಟ್ಟೆಯ ಆಪರೇಷನ್ ಆದವನು. ಮನೆಗೆ ಹೋಗುವ ದಿನ ಸಂಕೋಚದಿಂದ ಕೇಳಿದ್ದ: "ಸ್ವಾಮಿ, ಒಳಗೆ ಯಾರೋ ಚಪ್ಪಲಿ ಕಳೆದುಹೋಗಿದ್ದರ ಬಗ್ಗೆ ಮಾತಾಡಿ ನಗ್ತಿದ್ರಲ್ಲ, ಸಿಕ್ತಾ ಅದು?" ಡಾಕ್ಟರು ಅವನ ಭುಜ ತಟ್ಟಿ, "ಕನಸು ಕಣಯ್ಯಾ, ಔಷಧಿಯ ಮಂಪರು" ಅಂದಿದ್ದರು. ಅವನು ತಲೆಯಾಡಿಸಿ ಹೋಗಿದ್ದ. ಆದರೆ ಆವತ್ತು ಪೈಲ್ವಾನರ ಚಪ್ಪಲಿ ಕಳೆದಿದ್ದು ನಿಜ. ಕತ್ತರಿ ಹಿಡಿದೇ ಅವರು ಅದನ್ನು ಹೇಳಿ ಎಲ್ಲರನ್ನೂ ನಗಿಸಿದ್ದೂ ನಿಜ. ಕನಸು ಅಂದಿದ್ದು ಸುಳ್ಳು ಎಂದು ಡಾಕ್ಟರಿಗೆ ಆಗ ಹೊಳೆದಿರಲಿಲ್ಲ. ಈಗ ಹೊಳೆದು, ಕೂತ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಇಷ್ಟಾದ ಮೇಲೆ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಭಯಕ್ಕೆ ಒಂದು ಗುಣವಿದೆ. ಅದು ಮನುಷ್ಯನನ್ನು ಓಡಿಸುವುದಕ್ಕಿಂತ ಹೆಚ್ಚಾಗಿ ಕೂತಲ್ಲೇ ಕೂರಿಸುತ್ತದೆ. ಇನ್ನು ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆ ಎಂದುಕೊಂಡರು. ಕಾದರು ಕೂಡ. ರೆಪ್ಪೆ ಬಡಿಯಲೂ ಹೆದರಿ ಪಂಪಿನ ದೀಪವನ್ನೇ ನೋಡುತ್ತ ಕೂತರು. ದೀಪ ನೋಡುವಾಗ ರೋಗಿಯ ಮುಖ ತಪ್ಪುತ್ತಿತ್ತು. ಮುಖ ನೋಡುವಾಗ ದೀಪ. ಮನೆಗೆ ಬಂದರೆ ಹೆಂಡತಿ, "ಇಲ್ಲಿ ಕೊಡಿ ಅದನ್ನ, ಆ ಸಣ್ಣದನ್ನ ಇನ್ನೊಂದ್ಸಲ ಕೇಳ್ತೀನಿ" ಎಂದು ಕೈ ಹಿಡಿದು ಗುಂಡಿ ತಳ್ಳುವಳು. ಅವಳ ಮುಖ ಅರಳುವಷ್ಟು ಹೊತ್ತೂ ಡಾಕ್ಟರ ಮಣಿಕಟ್ಟಿನ ಮೇಲೆ ಆ ಮೂಕ ಕುಟುಕು.

ಆಗಲೇ ತಂಗಿಯ ಆಪರೇಷನ್ನು ಹತ್ತಿರ ಬಂದದ್ದು.

ಡಾಕ್ಟರಿಗೆ ಇದ್ದವಳು ಒಬ್ಬಳೇ ತಂಗಿ. ಮರಿ ಎಂದು ಕರೆಯುತ್ತಿದ್ದರು. ಅವಳೀಗ ಅಜ್ಜಿಯಾಗಿದ್ದರೂ ಮರಿಯೇ. ಪಿತ್ತಕೋಶದಲ್ಲಿ ಕಲ್ಲು. ನೋವು ತಿಂದು ತಿಂದು ಸಾಕಾಗಿ, ಕಡೆಗೆ ಆಪರೇಷನ್ನಿಗೆ ಒಪ್ಪಿದ್ದೇ ಅಣ್ಣ ಮಲಗಿಸುತ್ತಾನೆಂಬ ಒಂದೇ ಧೈರ್ಯದ ಮೇಲೆ. ಮೂಗಿನಿಂದ ಕೊಡುವ ಗ್ಯಾಸು ಅವಳಿಗೆ ಒಗ್ಗದು; ಹಿಂದೆ ವಾಂತಿ ಮಾಡಿಕೊಂಡು ಒದ್ದಾಡಿದ್ದಳು. ಆದ್ದರಿಂದ ನಿದ್ದೆ ಪೂರ್ತಿ ಪಂಪಿನದೇ.

"ಅಣ್ಣಾ, ನನಗೆ ಕೊಯ್ಯೋದಕ್ಕೆ ಭಯ ಇಲ್ಲ," ಅಂದಿದ್ದಳು. "ನಡುವೆ ಎಚ್ಚರ ಆಗಿಬಿಟ್ರೆ? ಆಗಿ, ಕೂಗೋಕೂ ಆಗದೇ ಹೋದ್ರೆ? ಯಾರೋ ಹೇಳ್ತಿದ್ರು ಹಾಗೂ ಆಗತ್ತೆ ಅಂತ."

"ಯಾರೋ ಏನೋ ಹೇಳ್ತಾರೆ ಕಣೇ."

"ನೀನಿರ್ತೀಯಲ್ಲ, ಬಿಡು."

ಆ ಮಾತನ್ನು ಹೊತ್ತುಕೊಂಡು ಡಾಕ್ಟರು ದೇವರ ಮುಂದೆ ಕೂತರು. ಕಿವಿ ವಾಪಸು ಕೊಡು ಎಂದು ಕೇಳಲು ಬಾಯಿ ಬರಲಿಲ್ಲ. ದಾರಿ ತೋರಿಸು ಅಂದರು. ಎದ್ದಾಗ ಒಂದು ದಾರಿ ಹೊಳೆದಿತ್ತು: ಗುಬ್ಬಿಗೆ ಒಪ್ಪಿಸುವುದು. ಎಳೆಯ ಕಿವಿ, ಪಳಗಿದ ಕೈ. ಕಾರಣ ಹೇಳಬೇಕಾಗಿಯೂ ಇಲ್ಲ. ಸ್ವಂತದವರನ್ನು ತಾವೇ ಮಲಗಿಸಬಾರದು ಎಂಬುದು ಎಲ್ಲ ಡಾಕ್ಟರೂ ಒಪ್ಪುವ ಮಾತೇ. ತಂಗಿಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು.

"ನೀನು ಒಳಗೇ ಇರ್ತೀಯ ತಾನೆ?"

"ನಿನ್ನ ತಲೆ ಹತ್ರಾನೇ."

"ಹಾಗಿದ್ರೆ ಸರಿ. ಆ ಹುಡುಗಿ ನಿನ್ನ ಹಾಗೇ ನೋಡ್ಕೋತಾಳಾ?"

"ನಾನೇ ಕಲಿಸಿದ್ದು ಕಣೇ ಅವಳಿಗೆ."

ಬಹಳ ದಿನಗಳ ಮೇಲೆ ಅವರು ಹೊಟ್ಟೆ ತುಂಬ ಊಟ ಮಾಡಿದರು.

ಆಪರೇಷನ್ನಿನ ಬೆಳಿಗ್ಗೆ ತಂಗಿಯನ್ನು ಮೇಜಿನ ಮೇಲೆ ಮಲಗಿಸಿಯಾಗಿತ್ತು. ಕೈಗೆ ಸೂಜಿ ಚುಚ್ಚಿ ನಳಿಗೆ ಜೋಡಿಸಿದ್ದರು, ಪಂಪು ಇನ್ನೂ ಶುರುವಾಗಿರಲಿಲ್ಲ. ಪೈಲ್ವಾನ ಮೊಣಕೈ ತನಕ ನೊರೆ ಮಾಡಿಕೊಂಡು ಕೈ ತೊಳೆಯುತ್ತಿದ್ದರು. ಡಾಕ್ಟರು ಕೋಣೆಯ ಹೊಸ್ತಿಲಲ್ಲಿ ನಿಂತು ಟೋಪಿ ಕಟ್ಟಿಕೊಳ್ಳುತ್ತಿದ್ದರು. ವಾಚನ್ನು ಲಾಕರಿನಲ್ಲಿ ಬಿಡಲು ಮನಸ್ಸಾಗದೆ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದರು. ವಾಚು ಕೂಡಿಡುವವರು ಲಾಕರನ್ನು ನಂಬುವುದಿಲ್ಲ. ಗುಬ್ಬಿ ಪಕ್ಕ ಬಂದು ನಿಂತಳು.

"ಸರ್, ಏನೂ ಯೋಚನೆ ಮಾಡ್ಬೇಡಿ. ನಿಮ್ಮ ಹಾಗೇ ಕೂತ್ಕೋತೀನಿ."

"ನನ್ನ ಹಾಗೆ ಅಂದ್ರೆ?"

"ಅಂದ್ರೆ ಸರ್," ಅವಳು ನಾಚಿ ನಕ್ಕಳು, "ಮೊದಮೊದಲು ಪಂಪು ಕೂಗಿದ್ರೆ ಸಾಕು, ನಾನು ಹಾರಿಬೀಳ್ತಿದ್ದೆ. ನೀವು ತಿರುಗಿಯೂ ನೋಡ್ತಿರಲಿಲ್ಲ. ಪಂಪು ಅದರ ಪಾಡಿಗೆ ಕೂಗ್ತಿತ್ತು, ನೀವು ನಿಮ್ಮ ಪಾಡಿಗೆ ರೋಗಿ ಮುಖ ನೋಡ್ತಾ ಕೂತಿರ್ತಿದ್ರಿ. ಆಮೇಲೆ ನಿಧಾನಕ್ಕೆ ಎದ್ದು ಸಿರಿಂಜು ಹಾಕ್ತಿದ್ರಿ. ಆಗ ಅರ್ಥ ಆಯ್ತು ಸರ್, ಯಂತ್ರ ಹೆದರಿಸುತ್ತೆ, ಹೆದರಬಾರದು ಅಂತ. ಈಗ ಮೊದಲನೇ ಕೂಗಿಗೆ ನಾನೂ ಏಳಲ್ಲ. ನಾವೆಲ್ಲ ಅದಕ್ಕೆ ಜೋಗುಳದ ಧೈರ್ಯ ಅಂತೀವಿ."

ಡಾಕ್ಟರ ಕೈಯಲ್ಲಿದ್ದ ಟೋಪಿಯ ದಾರ ಜಾರಿತು. ಆವತ್ತು ದೀಪ ಮಿಣುಕುವಾಗ ಗುಬ್ಬಿ ನಿಶ್ಚಿಂತೆಯಾಗಿ ಕೂತಿದ್ದಳಲ್ಲ, ಅವಳಿಗೆ ಕೇಳಿಸಿತ್ತು. ಕೇಳಿಸಿಯೂ ಕೂತಿದ್ದಳು. ಇವರನ್ನು ನೋಡಿ ಕೂತಿದ್ದಳು.

"ನಾವೆಲ್ಲ ಅಂದ್ರೆ ಯಾರ್ಯಾರು?" ತಮ್ಮ ದನಿ ತಮಗೇ ಬೇರೆ ಯಾರದೋ ಅನ್ನಿಸಿತು.

"ಈ ವರ್ಷ ಹೊಸದಾಗಿ ಬಂದಿದ್ದಾರಲ್ಲ ಇಬ್ಬರು, ಅವರಿಗೆ ನಾನೇ ಹೇಳಿಕೊಟ್ಟೆ. ಒಬ್ಬ ಈಗ ಪಕ್ಕದ ಆಪರೇಷನ್ ಥಿಯೇಟರಿನಲ್ಲೇ ಇದ್ದಾನೆ."

ಒಳಗಿನಿಂದ ತಂಗಿ, "ಅಣ್ಣಾ, ಬಂದ್ಯಾ?" ಅಂದಳು.

ಓಡಿಹೋಗಬಹುದಿತ್ತು, ಹೊಟ್ಟೆನೋವು ಅಂದರೆ ಸಾಕಿತ್ತು. ಗುಬ್ಬಿಗೆ, ಇವತ್ತೊಂದು ದಿನ ಮೊದಲ ಕೂಗಿಗೇ ಎದ್ದುಬಿಡಮ್ಮ ಎಂದು ಹೇಳಿ ತಂಗಿಯೊಬ್ಬಳನ್ನು ಉಳಿಸಿಕೊಳ್ಳಬಹುದಿತ್ತು. ಯಾಕೆ ಎಂದು ಅವಳು ಕೇಳುತ್ತಿರಲಿಲ್ಲ. ಪಕ್ಕದ ಥಿಯೇಟರಿನಲ್ಲಿ ಯಾರು ಮಲಗಿದ್ದಾರೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಅವರೂ ಯಾರಿಗೋ ತಂಗಿಯೋ ಅಣ್ಣನೋ ಆಗಿರಬೇಕು. ದೇವರೇ ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಿಲ್ಲಿಸಿ," ಅಂದರು. "ಪಂಪು ಶುರು ಮಾಡ್ಬೇಡಿ."

ಪೈಲ್ವಾನ ನೊರೆಗೈ ಎತ್ತಿಕೊಂಡೇ ತಿರುಗಿದರು. ಡಾಕ್ಟರು ಜೇಬಿನಿಂದ ವಾಚು ತೆಗೆದು, ಗುಬ್ಬಿಯ ಮುಂದೆ ಹಿಡಿದು, ಗುಂಡಿ ತಳ್ಳಿದರು. "ಕೊನೇಲಿ ಸಣ್ಣದು ಎಷ್ಟು ಸಲ ಬಡೀತು ಹೇಳು."

"ಒಂಬತ್ತು ಸರ್. ಯಾಕೆ?"

"ನನಗೆ ಒಂದೂ ಕೇಳಿಸಲಿಲ್ಲ. ಪಂಪು ಕೂಗೋದೂ ಕೇಳಿಸಲ್ಲ. ಅದು ಧೈರ್ಯ ಅಲ್ಲಮ್ಮ. ಕಿವುಡು."

ಪೈಲ್ವಾನರ ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಎಷ್ಟು ದಿನದಿಂದ?" ಅಂದರು ಅವರು ಕಡೆಗೆ. ದನಿಯಲ್ಲಿ ತಮಾಷೆ ಇರಲಿಲ್ಲ.

"ಗೊತ್ತಿಲ್ಲ ಕಣಯ್ಯಾ. ಗೊತ್ತಿಲ್ಲದೇ ಇರೋದಕ್ಕೇ ಭಯ ಆಗ್ತಿರೋದು."

ಗುಬ್ಬಿಯ ಮುಖದ ಬಣ್ಣ ಇಳಿದುಹೋಗಿತ್ತು. ಅವಳ ಕಣ್ಣು ಎಲ್ಲೋ ದೂರ ನೆಟ್ಟಿತ್ತು. ತಾನು ಕೂಗಿಗೆ ಏಳದೆ ಕೂತ ಒಂದೊಂದು ದಿನವೂ, ಒಂದೊಂದು ಮುಖವೂ ಅವಳ ಮುಂದೆ ಬರುತ್ತಿದೆಯೆಂದು ಡಾಕ್ಟರಿಗೆ ಗೊತ್ತಾಯಿತು. ಅವರ ಮುಂದೆಯೂ ಬರುತ್ತಿದ್ದವು. ಇದ್ದಕ್ಕಿದ್ದಂತೆ ಅವಳು ನರ್ಸಿನ ತೋಳು ಹಿಡಿದಳು. "ಪಕ್ಕಕ್ಕೆ ಓಡಿ. ಪಂಪು ಕೂಗಿದ ಕೂಡಲೇ ಏಳ್ಬೇಕು ಅಂತ ಹೇಳಿ. ನಾನು ಹೇಳಿಕೊಟ್ಟಿದ್ದು ತಪ್ಪು ಅಂತ ಹೇಳಿ. ಓಡ್ರೀ!" ನರ್ಸು ಓಡಿದಳು. ಬಾಗಿಲು ಆಡುತ್ತ ಆಡುತ್ತ ನಿಂತಿತು.

ಮೇಜಿನ ಮೇಲಿನಿಂದ ತಂಗಿ, "ಅಣ್ಣಾ, ಇಲ್ಲಿ ಬಾ" ಅಂದಳು.

ಹತ್ತಿರ ಹೋದರು. ಮುಖ ನೋಡಲಾಗಲಿಲ್ಲ.

"ನಾನು ಮಾತಾಡೋದು ಕೇಳಿಸ್ತಿದೆಯಾ?"

"ಕೇಳಿಸುತ್ತೆ."

"ನನಗೆ ಎಷ್ಟು ಹೆದರಿಕೆ ಆಗ್ತಿದೆ ಗೊತ್ತಾ ಈಗ? ಎದ್ದು ಮನೆಗೆ ಹೋಗ್ಬಿಡೋಣ ಅನ್ನಿಸ್ತಿದೆ."

"ಹೋಗೋಣ ನಡಿ. ಯಾರೂ ತಡೆಯಲ್ಲ."

ಅವಳು ಕತ್ತು ತಿರುಗಿಸಿ ಗುಬ್ಬಿಯನ್ನು ನೋಡಿದಳು. ಗುಬ್ಬಿ ತುಂಬಿದ ಸಿರಿಂಜನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದಳು. "ಆ ಹುಡುಗಿ ನನಗಿಂತ ಜಾಸ್ತಿ ಹೆದರಿದ್ದಾಳೆ," ಅಂದಳು ತಂಗಿ. "ಅವಳೇ ಮಾಡ್ಲಿ. ನೀನು ಡಾಕ್ಟರು ಅಲ್ಲ ಇವತ್ತು. ಸುಮ್ಮನೆ ನನ್ನ ಕೈ ಹಿಡ್ಕೊಂಡು ಕೂತ್ಕೋ."

ಪಂಪು ಶುರುವಾಯಿತು. ತಂಗಿಯ ರೆಪ್ಪೆ ಭಾರವಾಗಿ, ತುಟಿ ಸಡಿಲವಾಗಿ, ಅವಳು ಆ ಕಡೆಗೆ ಹೋದಳು. ಎಷ್ಟೋ ಜನರನ್ನು ಹಾಗೆ ಕಳಿಸಿದವರು ಡಾಕ್ಟರು. ಕಳಿಸುವುದು ಬೇರೆ, ದಡದಲ್ಲಿ ನಿಂತು ನೋಡುವುದು ಬೇರೆ ಎಂದು ಆವತ್ತು ತಿಳಿಯಿತು. ಸ್ಟೂಲಿನ ಮೇಲೆ ಕೂತು ಕೈ ಹಿಡಿದುಕೊಂಡರು. ಪೈಲ್ವಾನ ಒಂದು ಮಾತೂ ಆಡದೆ ಕೆಲಸ ಮಾಡಿದರು. ಡಾಕ್ಟರ ಕಣ್ಣು ತಂಗಿಯ ರೆಪ್ಪೆಗಳ ಅಂಚಿನಲ್ಲೇ ಇತ್ತು. ಅಲ್ಲಿ ನೀರು ಜಿನುಗಿದರೆ ಒಳಗೆ ಎಚ್ಚರವಾಗಿದೆಯೆಂದು ಅರ್ಥ. ಒಮ್ಮೆ ಏನೋ ಹೊಳೆದ ಹಾಗಾಯಿತು. ಬಗ್ಗಿ ನೋಡಿದರೆ ಬರೀ ದೀಪದ ಬೆಳಕು.

ಒಂದು ಹೊತ್ತಿನಲ್ಲಿ ಗುಬ್ಬಿ ಬೆಂಕಿ ತಾಕಿದವಳ ಹಾಗೆ ಎದ್ದಳು. ಎದ್ದ ರಭಸಕ್ಕೆ ಅವಳ ಸ್ಟೂಲು ಉರುಳಿತು. ಹೊಸ ಸಿರಿಂಜು ಮೊದಲೇ ಕೈಯಲ್ಲಿತ್ತು. ಡಾಕ್ಟರಿಗೆ ಸ್ಟೂಲು ಬಿದ್ದ ಸದ್ದು ಕೇಳಿಸಿತು. ಅದಕ್ಕೆ ಮುಂಚಿನದು ಕೇಳಿಸಲಿಲ್ಲ. ಅವಳು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು ಅವರ ಕಡೆ ನೋಡಿದಳು. ಆ ನೋಟದಲ್ಲಿ ಮೊದಲಿನ ಭಕ್ತಿ ಇರಲಿಲ್ಲ. ಇರಬಾರದಾಗಿತ್ತು ಕೂಡ. ಓಡಿಹೋಗಿದ್ದ ನರ್ಸು ವಾಪಸು ಬಂದು ಮಾಸ್ಕಿನೊಳಗೆ ಗುಬ್ಬಿಗೆ ಏನೋ ಹೇಳಿದಳು. ಗುಬ್ಬಿಯ ಹೆಗಲು ಸ್ವಲ್ಪ ಕೆಳಗಿಳಿಯಿತು. ಅಷ್ಟರಿಂದಲೇ ಪಕ್ಕದಲ್ಲಿ ಮಲಗಿದ್ದವರಿಗೆ ಏನೂ ಆಗಿಲ್ಲವೆಂದು ಡಾಕ್ಟರು ತಿಳಿದುಕೊಂಡು, ಮನಸ್ಸಿನಲ್ಲೇ ಅಡ್ಡಬಿದ್ದರು.

ಹೊಲಿಗೆ ಮುಗಿಯಿತು. ಪಂಪು ನಿಲ್ಲಿಸಿದರು. ಗಂಟಲಿನ ನಳಿಗೆ ತೆಗೆದ ಮೇಲೆ ಗುಬ್ಬಿ, "ನೀವೇ ಕರೀರಿ" ಅಂದಳು. ಸರ್ ಅನ್ನಲಿಲ್ಲ.

"ಮರಿ," ಎಂದು ಕರೆದರು ಡಾಕ್ಟರು. "ಮರಿ, ಏಳು. ಮುಗೀತು."

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ರೆಪ್ಪೆ ಅಲುಗಿತು. ಕಣ್ಣು ತೆರೆದು ಅವರನ್ನು ನೋಡಿದಳು, ಗುರುತು ಹಿಡಿದಳೋ ಇಲ್ಲವೋ. ತುಟಿ ಆಡಿತು. ಒಣಗಿದ ಗಂಟಲಿನ ಪಿಸುಮಾತು. ಡಾಕ್ಟರಿಗೆ ಬರೀ ಉಸಿರು ಬಡಿಯಿತು. ಎಚ್ಚರ ಆಗಿತ್ತು ಅಂದಳೇ? ಎಲ್ಲ ಕೇಳಿಸಿತು ಅಂದಳೇ? ಬಗ್ಗಿ ಕಿವಿಯನ್ನು ಅವಳ ಬಾಯಿಗೆ ತಂದರು. ತುಟಿ ಮತ್ತೆ ಆಡಿತು. ಮತ್ತೆ ಬರೀ ಉಸಿರು. ಇಷ್ಟು ದಿನ ಹಾಗಾದಾಗಲೆಲ್ಲ ಹೂಂ ಎಂದು ತಲೆಯಾಡಿಸಿಬಿಡುತ್ತಿದ್ದರು.

ತಲೆ ಎತ್ತಿದರು. "ನನಗೆ ಕೇಳಿಸ್ತಿಲ್ಲ," ಅಂದರು ಗುಬ್ಬಿಗೆ. "ಏನಂತಿದ್ದಾಳೆ?"

ಗುಬ್ಬಿ ಬಗ್ಗಿದಳು. ಅವಳ ಕಣ್ಣಂಚು ಒದ್ದೆಯಾಯಿತು.

"ಇನ್ನೂ ಯಾಕೆ ಶುರು ಮಾಡಿಲ್ಲ ಅಂತ ಕೇಳ್ತಿದ್ದಾರೆ."